ಕಾಣೆಯಾದ ಟಾರ್ಚ್‌ಗಾಗಿ ವಿಮಾನ ತಡೆದ ಮಗ ಕ್ಷಮೆ ಕೇಳಬೇಕೇ?

ಮಂಡಿಪೇಟೆ ಅಂಗಡಿ:

ನಮಸ್ಕಾರ. ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನದೊಂದು ನಟ್ಟು ಬೋಲ್ಟಿನ ಅಂಗಡಿ ಇದೆ. ವಿಮಾನ ಹತ್ತಿದ್ದು ಜೀವಮಾನದಲ್ಲಿ ಎರಡೇ ಸಲ. ಎರಡನೆಯದು ಶಿವಮೊಗ್ಗದಲ್ಲಿ ನಿಲ್ದಾಣ ಶುರುವಾದ ಮೇಲೆ, ಮೊಮ್ಮಗಳ ಹಟಕ್ಕೆ. ಆದ್ದರಿಂದ ಏನಾದರೂ ತಪ್ಪು ಬರೆದಿದ್ದರೆ ತಿದ್ದಿ.

ನನ್ನ ಕಿರಿಯ ಮಗ ಬೆಂಗಳೂರಿನಲ್ಲಿ ಒಂದು ವಿಮಾನ ಸಂಸ್ಥೆಯ ನಿರ್ವಹಣಾ ವಿಭಾಗದಲ್ಲಿ ತಂತ್ರಜ್ಞ. ಯಾವ ಸಂಸ್ಥೆ ಎಂದು ಹೇಳುವುದಿಲ್ಲ, ಕೇಳಲೂ ಬೇಡಿ. ಹೋದ ತಿಂಗಳು ರಾತ್ರಿ ಪಾಳಿಯಲ್ಲಿ ಒಂದು ಎಂಜಿನ್ನಿನ ಕವಚ ತೆರೆದು ಕೆಲಸ ಮಾಡಿದ್ದಾರೆ. ಮುಗಿಸಿ ಉಪಕರಣದ ಪೆಟ್ಟಿಗೆ ಜೋಡಿಸುವಾಗ ಬೆರಳುದ್ದದ ಒಂದು ಟಾರ್ಚ್ ಕಡಿಮೆ. ಹುಡುಕಿದರೂ ಸಿಗಲಿಲ್ಲ. ವಿಮಾನ ಬೆಳಗಿನ ಜಾವ ಹೊರಡಬೇಕು. ಮೇಲಿನವರು "ಯಾರದೋ ಜೇಬಿನಲ್ಲಿರುತ್ತದೆ, ಕವಚ ಮುಚ್ಚು" ಎಂದರಂತೆ. ಇವನು ಮುಚ್ಚಲಿಲ್ಲ. ವಿಮಾನದ ತಾಂತ್ರಿಕ ದಾಖಲೆ ಪುಸ್ತಕದಲ್ಲಿ ಟಾರ್ಚ್ ಒಂದು ಸಿಕ್ಕಿಲ್ಲವೆಂದು ಬರೆದುಬಿಟ್ಟ. ಎರಡೂ ಮುಕ್ಕಾಲು ಗಂಟೆ ವಿಮಾನ ನಿಂತಿತು. ಕೊನೆಗೆ ಅದು ಸಿಕ್ಕಿದ್ದು ಪಾಳಿ ಮುಗಿಸಿ ಮನೆಗೆ ಹೋಗಿ ಮಲಗಿದ್ದ ಇನ್ನೊಬ್ಬ ಹುಡುಗನ ಜಾಕೆಟಿನ ಜೇಬಿನಲ್ಲಿ!

ಈಗ ಮಗನಿಗೆ ನೋಟಿಸ್ ಬಂದಿದೆ. "ಅನಗತ್ಯ ವಿಳಂಬ"ಕ್ಕೆ ಏಳು ದಿನದೊಳಗೆ ವಿವರಣೆ ಕೊಡಬೇಕಂತೆ. ನನ್ನ ಮನೆಯವರು "ನಾಲ್ಕು ಜನರ ಜೊತೆ ಹೊಂದಿಕೊಂಡು ಹೋಗಬೇಕಪ್ಪ" ಎನ್ನುತ್ತಾರೆ. ಭಾವಮೈದುನ "ಎರಡು ಸಾಲು ಕ್ಷಮಾಪಣೆ ಬರೆದು ಕೈ ತೊಳೆದುಕೋ" ಎನ್ನುತ್ತಾನೆ. ನಿನ್ನೆ ಫೋನಿನಲ್ಲಿ ಮಗ "ಅಪ್ಪಾಜಿ, ನೀವೇ ಹೇಳಿ" ಎಂದ. ನನಗೆ ಏನೂ ತೋಚುತ್ತಿಲ್ಲ.

ಪಿ.ಬಿ. ರಸ್ತೆ ಪ್ರಯಾಣಿಕ:

ಕಹಿ ಮಾತು ಹೇಳುತ್ತೇನೆ, ಬೇಸರಿಸಬೇಡಿ ಯಜಮಾನರೇ. ಇಂಥ ವಿಳಂಬದ ಬಿಸಿ ತಟ್ಟುವುದು ನಮ್ಮಂಥವರಿಗೆ. ನಮ್ಮ ಊರಿಗೆ ವಿಮಾನ ನಿಲ್ದಾಣ ಇಲ್ಲ. ಬೆಳಗಿನ ವಿಮಾನ ಹಿಡಿಯಬೇಕಾದರೆ ಹಿಂದಿನ ರಾತ್ರಿಯೇ ಬಸ್ ಹತ್ತಿ ಬೆಂಗಳೂರಿನ ದಾರಿಯಲ್ಲಿ ನಿದ್ದೆಗೆಡಬೇಕು. ಹೋದ ವರ್ಷ "ತಾಂತ್ರಿಕ ಕಾರಣ" ಎಂಬ ಎರಡು ಪದ ಹೇಳಿ ನಾಲ್ಕು ಗಂಟೆ ಕೂರಿಸಿದರು. ದೆಹಲಿಯಲ್ಲಿ ನಾನು ಹೋಗಿ ನಿಲ್ಲಬೇಕಿದ್ದ ಟೆಂಡರ್ ಕೈತಪ್ಪಿತು. ನಷ್ಟ ಯಾರು ಕಟ್ಟಿಕೊಟ್ಟರು? ಬೆರಳುದ್ದದ ಟಾರ್ಚಿನಿಂದ ವಿಮಾನ ಬೀಳುತ್ತದೆಯೇ? ಅದೂ ಸಿಕ್ಕಿದ್ದು ಜೇಬಿನಲ್ಲಿ. ಮೇಲಿನವರು ಹೇಳಿದ್ದೇ ನಿಜವಾಯಿತಲ್ಲ.

ಕೋಟೆ ಬಾಗಿಲು:

ಚಿತ್ರದುರ್ಗದವನು. ಮೂವತ್ತೊಂದು ವರ್ಷ ವಿಮಾನಗಳ ಹೊಟ್ಟೆಯ ಕೆಳಗೆ ಮಲಗಿ ಕೆಲಸ ಮಾಡಿದ್ದೇನೆ, ಅದರಲ್ಲಿ ಇಪ್ಪತ್ತೆರಡು ವರ್ಷ ಪರವಾನಗಿ ಹೊಂದಿದ ಎಂಜಿನಿಯರ್ ಆಗಿ.

ಪ್ರಯಾಣಿಕರೇ, "ಹೇಳಿದ್ದೇ ನಿಜವಾಯಿತು" ಎಂಬುದು ಟಾರ್ಚ್ ಸಿಕ್ಕ ಮೇಲಿನ ಮಾತು. ಕವಚ ಮುಚ್ಚುವ ಹೊತ್ತಿನಲ್ಲಿ ಅದು ಜೇಬಿನಲ್ಲಿದೆಯೋ ಎಂಜಿನ್ನಿನಲ್ಲಿದೆಯೋ ಆ ಮೇಲಿನವರಿಗೂ ಗೊತ್ತಿರಲಿಲ್ಲ. ಅವರದು ಊಹೆ. ಊಹೆ ಸರಿಯಾದ ಮಾತ್ರಕ್ಕೆ ಅದು ಪರೀಕ್ಷೆ ಆಗುವುದಿಲ್ಲ.

ಈಚಿನದೇ ಒಂದು ಸಂಗತಿ ಕೇಳಿ. 2023ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯದ ಕ್ವಾಂಟಾಸ್ ಸಂಸ್ಥೆಯ ಎ380 ವಿಮಾನಕ್ಕೆ ಲಾಸ್ ಏಂಜಲೀಸ್‌ನಲ್ಲಿ ಎಂಜಿನ್ ತಪಾಸಣೆ ನಡೆಯಿತು. ಎಂಜಿನ್ನನ್ನು ಕೈಯಿಂದ ತಿರುಗಿಸಲು ಬಳಸುವ 1.25 ಮೀಟರ್ ಉದ್ದದ ನೈಲಾನ್ ಉಪಕರಣವನ್ನು ಒಳಗೇ ಮರೆತರು. ಬೆರಳುದ್ದದ್ದಲ್ಲ, ಗಮನಿಸಿ, ನಮ್ಮ ಎದೆಯೆತ್ತರದ್ದು. ಆ ವಿಮಾನ ಅದನ್ನು ಹೊತ್ತುಕೊಂಡು 34 ಸಲ, ಒಟ್ಟು 294 ಗಂಟೆ ಹಾರಿತು. 2024ರ ಜನವರಿ 1ರಂದು ಮುಂದಿನ ತಪಾಸಣೆಯಲ್ಲಿ ಅದು ಕಣ್ಣಿಗೆ ಬಿತ್ತು. ಆಸ್ಟ್ರೇಲಿಯದ ತನಿಖಾ ಸಂಸ್ಥೆ ಹೇಳಿದ್ದು ಇಷ್ಟು: ಉಪಕರಣ ಕಾಣೆಯಾದಾಗ ಅನುಸರಿಸಬೇಕಾದ ಕ್ರಮವನ್ನು ವಿಮಾನ ಬಿಡುವ ಮೊದಲು ಆರಂಭಿಸಿಯೇ ಇರಲಿಲ್ಲ. ಯಜಮಾನರೇ, ಅಲ್ಲಿ ಯಾರೂ ಆರಂಭಿಸದ ಆ ಕ್ರಮವನ್ನೇ ನಿಮ್ಮ ಮಗ ಆರಂಭಿಸಿದ್ದಾನೆ.

ತಾಂತ್ರಿಕ ದಾಖಲೆ ಪುಸ್ತಕದ ಬಗ್ಗೆಯೂ ಹೇಳಿಬಿಡುತ್ತೇನೆ. ಅದರಲ್ಲಿ ಒಂದು ದೋಷ ಬರೆದರೆ ಅದಕ್ಕೆ ಉತ್ತರವಾಗಿ ಏನು ಮಾಡಿದೆವು ಎಂದು ಬರೆದು ಪರವಾನಗಿ ಇರುವವರು ಸಹಿ ಹಾಕಬೇಕು. ಅಲ್ಲಿಯವರೆಗೆ ವಿಮಾನ ಹಾರುವಂತಿಲ್ಲ. ಬಾಯಲ್ಲಿ ಹೇಳಿದ್ದು ಪಾಳಿ ಬದಲಾದರೆ ಮರೆತುಹೋಗುತ್ತದೆ, ಬರೆದದ್ದು ಮರೆಯುವುದಿಲ್ಲ. ಹುಡುಗನಿಗೆ ಅದು ಗೊತ್ತು, ಅದಕ್ಕೇ ಬರೆದ. ಅವನ ಮೇಲಿನವರಿಗೂ ಗೊತ್ತು, ಅದಕ್ಕೇ ಸಿಟ್ಟು.

ಹರಿಹರ ಫಿಟರ್:

ನಾನು ಹರಿಹರದ ಲೇತ್ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವನು. ನಮ್ಮ ಕಾಲದಲ್ಲಿ ಪ್ರತಿಯೊಬ್ಬ ಕೆಲಸಗಾರನಿಗೂ ಅವನ ಸಂಖ್ಯೆ ಕೊರೆದ ಹಿತ್ತಾಳೆ ಬಿಲ್ಲೆಗಳನ್ನು ಕೊಡುತ್ತಿದ್ದರು. ಟೂಲ್ ರೂಮಿನಲ್ಲಿ ಮೈಕ್ರೋಮೀಟರ್ ಬೇಕೆಂದರೆ ಒಂದು ಬಿಲ್ಲೆ ಕೊಡಬೇಕು, ಅದನ್ನು ಮೈಕ್ರೋಮೀಟರ್ ಇದ್ದ ಮೊಳೆಗೆ ನೇತುಹಾಕುತ್ತಿದ್ದರು. ಸಂಜೆ ಗೋಡೆ ನೋಡಿದರೆ ಸಾಕು, ಯಾವುದು ಯಾರ ಬಳಿ ಎಂದು ಓದು ಬಾರದವನೂ ಹೇಳುತ್ತಿದ್ದ. ಬಿಲ್ಲೆ ವಾಪಸ್ ಪಡೆಯದೆ ಗೇಟು ದಾಟಿದರೆ ಮರುದಿನ ಮೇಸ್ತ್ರಿಯ ಮಂಗಳಾರತಿ. ವಿಮಾನದವರಿಗೆ ಇಂಥದ್ದು ಇಲ್ಲವೇ? ಆ ಜಾಕೆಟ್ ಹುಡುಗ ಟಾರ್ಚ್ ಒಯ್ದದ್ದು ಯಾರಿಗೂ ಹೇಗೆ ತಿಳಿಯಲಿಲ್ಲ?

ಕೋಟೆ ಬಾಗಿಲು:

ಫಿಟರ್ ಅಣ್ಣ, ಇಡೀ ಚರ್ಚೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ನೀವು. ನೋಟಿಸ್ ಕೊಟ್ಟವರೂ ಅದನ್ನು ಕೇಳಿಲ್ಲ.

ಇದೆ. ದೊಡ್ಡ ಹ್ಯಾಂಗರುಗಳಲ್ಲಿ ಪ್ರತಿ ಉಪಕರಣದ ಆಕಾರಕ್ಕೆ ತಕ್ಕಂತೆ ಕೊರೆದ ಫೋಮ್ ಪೆಟ್ಟಿಗೆಗಳಿರುತ್ತವೆ, ಒಂದು ಇಲ್ಲದಿದ್ದರೆ ಆ ಗುಳಿ ಬಾಯಿ ಬಿಟ್ಟುಕೊಂಡು ಕಾಣುತ್ತದೆ. ಗೋಡೆಯ ಹಲಗೆಯಲ್ಲಿ ನೆರಳಿನಂತೆ ಚಿತ್ರ ಬರೆದಿರುತ್ತಾರೆ. ನಿಮ್ಮ ಬಿಲ್ಲೆಯ ಪದ್ಧತಿಯೂ ಎಷ್ಟೋ ಕಡೆ ಇದೆ. ಆದರೆ ಟಾರ್ಚ್, ಕನ್ನಡಿ, ಒರೆಸುವ ಬಟ್ಟೆ ಇಂಥವು ಲೆಕ್ಕದಿಂದ ಜಾರಿಹೋಗುತ್ತವೆ. ಸ್ವಂತದ್ದನ್ನು ತರುತ್ತಾರೆ, ಪಕ್ಕದವನಿಗೆ ಕೊಡುತ್ತಾರೆ.

ಡಿಪೋ ನಿವೃತ್ತ:

ಎಲ್ಲ ಕೇಳಲು ಚೆಂದ. ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು, ಎಲ್ಲಿ ಎಂದು ಬೇಡ. ಪಟ್ಟಿಯಲ್ಲಿ ಮೊದಲು ಸಹಿ, ಆಮೇಲೆ ಸಮಯ ಉಳಿದರೆ ಕೆಲಸ. ಬೆಳಗ್ಗೆ ಗಾಡಿ ಹೊರಡದಿದ್ದರೆ ಬೈಯುವವರು ಹತ್ತು ಮಂದಿ, ಬ್ರೇಕ್ ನೋಡಿದೆಯಾ ಎಂದು ಕೇಳುವವರು ಯಾರೂ ಇಲ್ಲ. ನಮ್ಮ ದೇಶದಲ್ಲಿ ಇದು ರಕ್ತದಲ್ಲೇ ಬಂದದ್ದು. ಹೊರದೇಶದ ನಿಯಮ ತಂದು ಇಲ್ಲಿ ಅಂಟಿಸಿದರೆ ಅಂಟುವುದಿಲ್ಲ. ಹುಡುಗ ಕ್ಷಮೆ ಕೇಳಲಿ, ಹೊಟ್ಟೆಪಾಡು ನೋಡಿಕೊಳ್ಳಲಿ.

ವಿದ್ಯಾನಗರ ಮೇಡಂ:

ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುತ್ತೇನೆ. "ನಮ್ಮ ರಕ್ತದಲ್ಲೇ ಬಂದದ್ದು" ಎಂಬ ಮಾತು ನನಗೆ ಒಪ್ಪಿಗೆಯಿಲ್ಲ ಸರ್.

1979ರ ಮೇ 25ರಂದು ಷಿಕಾಗೋದಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಡಿಸಿ-10 ವಿಮಾನದ ಒಂದು ಎಂಜಿನ್ ಮೇಲೇರುವಾಗಲೇ ಕಳಚಿಬಿತ್ತು, 273 ಜನ ಸತ್ತರು. ತಯಾರಕರ ಕ್ರಮದಂತೆ ಎಂಜಿನ್ನನ್ನು ಮೊದಲು ಇಳಿಸಿ, ಆಮೇಲೆ ಅದನ್ನು ರೆಕ್ಕೆಗೆ ಹಿಡಿದಿಡುವ ಪೈಲಾನ್ ಬಿಚ್ಚಬೇಕಿತ್ತು. ಮಾನವಗಂಟೆ ಉಳಿಸಲು ಎರಡನ್ನೂ ಒಟ್ಟಿಗೆ ಫೋರ್ಕ್‌ಲಿಫ್ಟ್ ಮೇಲೆ ಇಳಿಸಿ ಏರಿಸುವ ಅಡ್ಡದಾರಿ ಹಿಡಿದಿದ್ದರು. ಅದರಿಂದ ಬಿದ್ದ ಬಿರುಕು ಯಾರಿಗೂ ಕಾಣಲಿಲ್ಲ. ಜಪಾನಿನಲ್ಲಿ 1985ರ ಆಗಸ್ಟ್ 12ರಂದು 520 ಜನರನ್ನು ಬಲಿ ಪಡೆದ 747 ವಿಮಾನದ ಹಿಂಭಾಗದಲ್ಲಿ ಒಳಗಿನ ಗಾಳಿಯ ಒತ್ತಡವನ್ನು ತಡೆದಿಡುವ ಗೋಡೆಯನ್ನು ಏಳು ವರ್ಷದ ಹಿಂದೆ ರಿಪೇರಿ ಮಾಡಿದ್ದು ಬೋಯಿಂಗ್ ಕಂಪನಿಯ ತಂತ್ರಜ್ಞರೇ. ಎರಡು ಸಾಲು ರಿವೆಟ್ ಭಾರ ಹೊರಬೇಕಾದ ಕಡೆ ಒಂದೇ ಸಾಲು ಹೊರುವಂತೆ ಜೋಡಿಸಿದ್ದರು. ಅಡ್ಡದಾರಿಗೆ ದೇಶ ಜಾತಿ ಎಂಬುದಿಲ್ಲ.

ಜಪಾನ್ ಏರ್‌ಲೈನ್ಸ್ ಆ ವಿಮಾನದ ಅವಶೇಷಗಳನ್ನು 2006ರಿಂದ ಹನೇದ ವಿಮಾನ ನಿಲ್ದಾಣದ ಬಳಿ ಒಂದು ಕೇಂದ್ರದಲ್ಲಿ ಇಟ್ಟಿದೆ. ತನ್ನದೇ ಸಿಬ್ಬಂದಿ ಬಂದು ಆ ಒಡೆದ ಗೋಡೆಯ ಮುಂದೆ ನಿಲ್ಲಲಿ ಎಂದು.

ಜೋಗಿಮಟ್ಟಿ ಗಾಳಿ:

ನಾನು ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಲ್ಲಿ ಕೆಲಸ ಮಾಡುವವನು. ವಿಮಾನವಲ್ಲದಿದ್ದರೂ ರೆಕ್ಕೆ ನಮ್ಮದಕ್ಕೂ ಇದೆ. ಮೇಲೆ ಒಯ್ಯುವ ಪ್ರತಿ ಸ್ಪ್ಯಾನರಿಗೂ ಹಗ್ಗ ಕಟ್ಟಿರುತ್ತದೆ. ಟಾರ್ಕ್ ಕೊಟ್ಟು ಬಿಗಿಸಿದ ಬೋಲ್ಟಿನ ಮೇಲೆ, ನಟ್ಟಿಗೂ ತಾಗುವಂತೆ, ಬಣ್ಣದ ಒಂದು ಗೆರೆ ಎಳೆಯುತ್ತೇವೆ. ಮುಂದಿನ ಸಲ ಗೆರೆ ಮುರಿದಿದ್ದರೆ ಸಡಿಲವಾಗಿದೆ ಎಂದರ್ಥ. ಒಮ್ಮೆ ಇಳಿದ ಮೇಲೆ ಗೆರೆ ಎಳೆದೆನೋ ಇಲ್ಲವೋ ನೆನಪಾಗಲಿಲ್ಲ. ಹೇಳಿದೆ. ನಮ್ಮ ಮೇಲಿನವರು ಬೈಯಲಿಲ್ಲ, "ನೀರು ಕುಡಿದು ಮತ್ತೆ ಹತ್ತು" ಎಂದರು. ಹತ್ತಿದೆ. ಗೆರೆ ಇತ್ತು. ಅವತ್ತು ಬೈದಿದ್ದರೆ ಮುಂದಿನ ಸಲ ಖಂಡಿತ ಹೇಳುತ್ತಿರಲಿಲ್ಲ.

ಮಂಡಿಪೇಟೆ ಅಂಗಡಿ:

ಎಲ್ಲರಿಗೂ ವಂದನೆ. ಓದುತ್ತಾ ನನ್ನ ಅಂಗಡಿಯ ನೆನಪೇ ಆಗುತ್ತಿದೆ. ದಿನಕ್ಕೆ ಇಪ್ಪತ್ತು ಗಿರಾಕಿಗಳು ಹಳೆಯ ಬೋಲ್ಟ್ ಒಂದನ್ನು ಕೈಯಲ್ಲಿ ಹಿಡಿದು ಬಂದು "ಇಂಥದ್ದೇ ಕೊಡಿ" ಎನ್ನುತ್ತಾರೆ. ನಾನೂ ಕಣ್ಣಳತೆಯಲ್ಲೇ ಕೊಡುತ್ತೇನೆ. ವಿಮಾನಕ್ಕೆ ಹಾಗೆ ನಡೆಯುವುದಿಲ್ಲ ಅಲ್ಲವೇ?

ಕೋಟೆ ಬಾಗಿಲು:

ನಡೆದಿದೆ ಯಜಮಾನರೇ. ಈ ಕಥೆಯನ್ನು ನಾನು ಪ್ರತಿ ಹೊಸ ತಂಡಕ್ಕೂ ಹೇಳುತ್ತಿದ್ದೆ.

1990ರ ಜೂನ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಬ್ರಿಟಿಷ್ ಏರ್‌ವೇಸ್‌ನ ಒಂದು ವಿಮಾನಕ್ಕೆ ಪೈಲಟ್ ಎದುರಿನ ಗಾಜು ಬದಲಿಸಬೇಕಿತ್ತು. ಜನ ಕಡಿಮೆ, ಆದ್ದರಿಂದ ರಾತ್ರಿ ಪಾಳಿಯ ಮುಖ್ಯಸ್ಥನೇ ಕೆಲಸಕ್ಕೆ ಇಳಿದ. ಹಳೆಯ ಬೋಲ್ಟ್ ಹಿಡಿದುಕೊಂಡು ಸ್ಟೋರಿಗೆ ಹೋದ, ನಿಮ್ಮ ಗಿರಾಕಿಯ ಹಾಗೆಯೇ. ಸ್ಟೋರಿನವನು ಈ ಜಾಗಕ್ಕೆ ಬೇರೆ ಅಳತೆಯ ಬೋಲ್ಟ್ ಬೇಕು ಎಂದು ಹೇಳಿದ. ಇವನು ಕೇಳಲಿಲ್ಲ, ಬಿಚ್ಚಿದ್ದು ಯಾವುದೋ ಅದೇ ಹಾಕುತ್ತೇನೆ ಎಂದ. ಅಲ್ಲಿ ದಾಸ್ತಾನು ಸಾಲದ್ದಕ್ಕೆ ಇನ್ನೊಂದು ಕಡೆ ಮಬ್ಬು ಬೆಳಕಿನಲ್ಲಿ ಹೋಲಿಸಿ ಆರಿಸಿಕೊಂಡ. 90 ಬೋಲ್ಟುಗಳಲ್ಲಿ 84 ಬೇಕಾದ ದಪ್ಪಕ್ಕಿಂತ ಅರ್ಧ ಮಿಲಿಮೀಟರಿಗೂ ತುಸು ಜಾಸ್ತಿಯೇ ಸಣ್ಣವಿದ್ದವು. ಬಿಗಿಸಿದರೆ ಬಿಗಿಯಾದಂತೆಯೇ ಅನಿಸಿದವು. ಜೂನ್ 10ರಂದು 17,000 ಅಡಿ ದಾಟುವಾಗ ಗಾಜು ಹಾರಿಹೋಯಿತು. ಕ್ಯಾಪ್ಟನ್ ಸೊಂಟದವರೆಗೆ ಹೊರಗೆ ಎಳೆದುಕೊಂಡು ಹೋದರು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡೇ ಇದ್ದರು, ಸಹಪೈಲಟ್ ಸೌತಾಂಪ್ಟನ್‌ನಲ್ಲಿ ಇಳಿಸಿದರು. ಕ್ಯಾಪ್ಟನ್ ಬದುಕಿದರು.

ಗಾಜು ಹಾಕಿದ ಆ ಮುಖ್ಯಸ್ಥ ಸೋಮಾರಿಯಲ್ಲ. ಬೆಳಗಿನೊಳಗೆ ವಿಮಾನ ಸಿದ್ಧವಾಗಲಿ ಎಂದು ತಾನೇ ದುಡಿದ ಮನುಷ್ಯ. ಆ ಗಾಜಿನ ಕೆಲಸವನ್ನು ಇನ್ನೊಬ್ಬರು ಮರುಪರೀಕ್ಷೆ ಮಾಡಬೇಕೆಂಬ ನಿಯಮವೂ ಆಗ ಇರಲಿಲ್ಲ. ಕೆಲಸ ಮಾಡಿದವನೂ ಅವನೇ, ಸಹಿ ಹಾಕಿದವನೂ ಅವನೇ. ನನಗೆ ಭಯವಾಗುವುದು ಇಂಥ ಒಳ್ಳೆಯ ಕೆಲಸಗಾರರನ್ನು ನೋಡಿದಾಗ, ಕಳ್ಳರನ್ನು ನೋಡಿದಾಗ ಅಲ್ಲ.

ಪಿ.ಬಿ. ರಸ್ತೆ ಪ್ರಯಾಣಿಕ:

ಸರಿ, ನನ್ನ ಮಾತು ಖಾರವಾಯಿತು. ಆದರೆ ಒಂದು ಅನುಮಾನ. ಕೆಟ್ಟ ಭಾಗ ಇದ್ದರೂ ವಿಮಾನ ಹಾರಿಸಲು ಅನುಮತಿ ಇರುತ್ತದಂತೆ. ಟಾರ್ಚಿಗೆ ನಿಲ್ಲಿಸಿ, ಕೆಟ್ಟ ಯಂತ್ರಕ್ಕೆ ಬಿಡುವುದು ಎಂಥ ನ್ಯಾಯ?

ಕೋಟೆ ಬಾಗಿಲು:

ಒಳ್ಳೆಯ ಪ್ರಶ್ನೆ. ಕನಿಷ್ಠ ಉಪಕರಣ ಪಟ್ಟಿ ಎಂದು ಒಂದಿದೆ, ನಾವು ಎಂ.ಇ.ಎಲ್. ಎನ್ನುತ್ತೇವೆ. ಯಾವ ಯಾವ ಭಾಗ ಕೆಟ್ಟಿದ್ದರೆ ಹಾರಬಹುದು, ಯಾವ ಷರತ್ತಿನ ಮೇಲೆ, ಎಷ್ಟು ದಿನ ಎಂದು ಮೊದಲೇ ಕೂತು ಯೋಚಿಸಿ ಬರೆದದ್ದು. ಬಿ ವರ್ಗದ್ದನ್ನು 3 ದಿನದಲ್ಲಿ, ಸಿ ವರ್ಗದ್ದನ್ನು 10 ದಿನದಲ್ಲಿ, ಡಿ ವರ್ಗದ್ದನ್ನು 120 ದಿನದಲ್ಲಿ ಸರಿಪಡಿಸಬೇಕು. ಕೆಟ್ಟಿದೆ ಎಂದು ಗೊತ್ತಿರುವ ಯಂತ್ರಕ್ಕೆ ಉಪಾಯ ಇದೆ. ಎಲ್ಲಿದೆ ಎಂದು ಗೊತ್ತಿಲ್ಲದ ಟಾರ್ಚಿಗೆ ಏನು ಉಪಾಯ ಹೇಳಿ?

ಅಪಾಯ ಇನ್ನೊಂದು ಕಡೆ ಇದೆ. ಗಡುವು ಹಿಗ್ಗುತ್ತಾ ಹೋಗುವುದು. ಅಲಾಸ್ಕ ಏರ್‌ಲೈನ್ಸ್‌ನ 261ನೆಯ ವಿಮಾನ 2000ದ ಜನವರಿ 31ರಂದು ಕ್ಯಾಲಿಫೋರ್ನಿಯ ಬಳಿ ಸಮುದ್ರಕ್ಕೆ ಬಿತ್ತು, 88 ಜನ ಸತ್ತರು. ಬಾಲದ ರೆಕ್ಕೆಯನ್ನು ಮೇಲೆ ಕೆಳಗೆ ಆಡಿಸುವ ದೊಡ್ಡ ತಿರುಪಿಗೆ ಗ್ರೀಸ್ ಇರಲಿಲ್ಲ, ಅದರ ನಟ್ಟಿನ ಒಳಗಿನ ಸುತ್ತುಗಳು ಪೂರ್ತಿ ಸವೆದುಹೋಗಿದ್ದವು. 1987ರಲ್ಲಿ ಅದಕ್ಕೆ 500 ಗಂಟೆಗೊಮ್ಮೆ ಗ್ರೀಸ್ ಹಾಕುತ್ತಿದ್ದರು. ಸ್ವಲ್ಪ ಸ್ವಲ್ಪವೇ ಎಳೆದು 1996ರ ಹೊತ್ತಿಗೆ ಎಂಟು ತಿಂಗಳಿಗೊಮ್ಮೆ ಎಂದಾಯಿತು, ಅಂದರೆ ಸುಮಾರು 2,550 ಗಂಟೆ. ಅದಕ್ಕೆ ನಿಯಂತ್ರಕರ ಒಪ್ಪಿಗೆಯೂ ಇತ್ತು. 1997ರಲ್ಲಿ ಸವೆತ ಅಳೆದಾಗ ಮಿತಿಯ ಅಂಚಿನಲ್ಲಿತ್ತು, ಬದಲಿಸಬೇಕೆಂದು ಒಬ್ಬ ಮೆಕ್ಯಾನಿಕ್ ಬರೆದ. ಮುಂದಿನ ಪಾಳಿಯವರು ಮತ್ತೆ ಅಳೆದರು, ಸ್ವಲ್ಪ ಕಡಿಮೆ ಬಂತು, ವಿಮಾನ ಬಿಟ್ಟರು. ಒಂದು ಟ್ಯೂಬ್ ಗ್ರೀಸಿನ ಬೆಲೆ ಯಜಮಾನರಿಗೇ ಗೊತ್ತಿರುತ್ತದೆ.

ಡಿಪೋ ನಿವೃತ್ತ:

ಹಾಗಾದರೆ ಅಹಮದಾಬಾದಿನದು? ಅದೂ ನಿರ್ವಹಣೆಯ ತಪ್ಪೇ ಇರಬೇಕು.

ಕೋಟೆ ಬಾಗಿಲು:

2025ರ ಜೂನ್ 12ರ ಆ ಅಪಘಾತದ ಪ್ರಾಥಮಿಕ ವರದಿ ಹೇಳುವುದು ಎರಡೂ ಎಂಜಿನ್ನುಗಳ ಇಂಧನ ಸ್ವಿಚ್‌ಗಳು ಹಾರಿದ ಕೂಡಲೇ ಕಡಿತದ ಸ್ಥಾನಕ್ಕೆ ಹೋದವು ಎಂದು. ಏಕೆ ಎಂಬುದನ್ನು ಆ ವರದಿ ತೀರ್ಮಾನಿಸಿಲ್ಲ, ನಾನೂ ತೀರ್ಮಾನಿಸುವುದಿಲ್ಲ. ಅದನ್ನು ಇಲ್ಲಿ ಎಳೆಯುವುದು ಬೇಡ.

ಮಂಡಿಪೇಟೆ ಅಂಗಡಿ (ಮೂರನೆಯ ದಿನ):

ಮಗನಿಗೆ ಎಲ್ಲವನ್ನೂ ಓದಿ ಹೇಳಿದೆ. ಕ್ಷಮಾಪಣೆ ಬರೆಯುವುದಿಲ್ಲ ಎಂದು ಗಟ್ಟಿಮಾಡಿದ್ದಾನೆ. ಅವನು ಬರೆದ ವಿವರಣೆ ಹೀಗಿದೆ: "ಟಾರ್ಚನ್ನು ಹೇಳದೆ ಕೇಳದೆ ಒಯ್ದವನು ನನ್ನ ಸಹೋದ್ಯೋಗಿ. ಹುಡುಕದೆ ಮುಚ್ಚಲು ಹೇಳಿದವರು ಮೇಲಧಿಕಾರಿ. ವಿಳಂಬಕ್ಕೆ ಇವರಿಬ್ಬರೇ ಹೊಣೆ, ನಾನಲ್ಲ." ಸರಿಯಿದೆಯೇ?

ಜೋಗಿಮಟ್ಟಿ ಗಾಳಿ:

ಸರಿಯಾಗಿ ಕೊಟ್ಟಿದ್ದಾನೆ. ಕಳಿಸಲಿ.

ಕೋಟೆ ಬಾಗಿಲು:

ಬೇಡ. ದಯವಿಟ್ಟು ಬೇಡ.

ಇಷ್ಟು ಹೊತ್ತು ಅವನ ಪರ ವಾದಿಸಿದವನೇ ಹೇಳುತ್ತಿದ್ದೇನೆ. ಈ ಪತ್ರ ಹೋದರೆ ನೋಟಿಸ್ ಇವನ ಕೈಯಿಂದ ಜಾಕೆಟ್ ಹುಡುಗನ ಕೈಗೆ ಹೋಗುತ್ತದೆ, ಅಷ್ಟೇ. ಆ ಹುಡುಗ ಫೋನ್ ತೆಗೆದು, ನಿದ್ದೆಗಣ್ಣಿನಲ್ಲಿ ಜೇಬು ನೋಡಿ, "ಹೌದು, ನನ್ನ ಹತ್ತಿರವೇ ಇದೆ" ಎಂದನಲ್ಲ. ಸುಳ್ಳು ಹೇಳಿ ಆ ಟಾರ್ಚನ್ನು ಚರಂಡಿಗೆ ಎಸೆಯಬಹುದಿತ್ತು. ಆಗ ವಿಮಾನ ಎರಡೂ ಮುಕ್ಕಾಲು ಗಂಟೆಯಲ್ಲ, ಎರಡು ದಿನ ನಿಲ್ಲುತ್ತಿತ್ತು. ಅವನಿಗೆ ಶಿಕ್ಷೆಯಾದರೆ ಇನ್ನು ಮುಂದೆ ಆ ಪಾಳಿಯಲ್ಲಿ ಯಾರೂ ಜೇಬು ನೋಡಿಕೊಳ್ಳುವುದಿಲ್ಲ.

ಅಮೆರಿಕದಲ್ಲಿ 1976ರಿಂದ ನಾಸಾ ಒಂದು ವರದಿ ವ್ಯವಸ್ಥೆ ನಡೆಸುತ್ತಿದೆ. ಅರಿಯದೆ ಮಾಡಿದ ತಪ್ಪನ್ನು ಹತ್ತು ದಿನದೊಳಗೆ ತಾನೇ ಬರೆದು ಕಳಿಸಿದವನಿಗೆ ಸಾಮಾನ್ಯವಾಗಿ ದಂಡದಿಂದ ವಿನಾಯಿತಿ. ಬೇಕೆಂದೇ ಮಾಡಿದ್ದಕ್ಕೆ, ಅಪರಾಧಕ್ಕೆ ವಿನಾಯಿತಿ ಇಲ್ಲ. ನಮ್ಮಲ್ಲೂ ಪ್ರತಿ ವಿಮಾನ ಸಂಸ್ಥೆಯೊಳಗೆ ಸುರಕ್ಷತಾ ವಿಭಾಗ ಇರಬೇಕು, ಸ್ವಯಂಪ್ರೇರಿತ ವರದಿಗೆ ದಾರಿ ಇರಬೇಕು. ನೋಟಿಸಿಗೆ ಉತ್ತರ ಒಂದು ಕಡೆ ಹೋಗಲಿ, ಅದೇ ಸಂಗತಿ ಸುರಕ್ಷತಾ ವಿಭಾಗಕ್ಕೂ ಹೋಗಲಿ.

ಉತ್ತರದಲ್ಲಿ ಯಾರ ಹೆಸರೂ ಬೇಡ. ಎಷ್ಟು ಗಂಟೆಗೆ ಪೆಟ್ಟಿಗೆ ಎಣಿಸಿದೆ, ಎಷ್ಟು ಗಂಟೆಗೆ ದಾಖಲೆ ಬರೆದೆ, ಎಲ್ಲೆಲ್ಲಿ ಹುಡುಕಿದೆವು. ಆಮೇಲೆ ಮೂರು ಸಾಲು: ಸಣ್ಣ ಉಪಕರಣ ಕೈ ಬದಲಾದರೆ ಬರೆಯುವ ಜಾಗ ನಮ್ಮಲ್ಲಿ ಇಲ್ಲ. ಪೆಟ್ಟಿಗೆಯ ಎಣಿಕೆ ಕವಚ ಮುಚ್ಚುವ ಹೊತ್ತಿಗೆ ಆಗುತ್ತದೆ, ಪಾಳಿಯವರು ಮನೆಗೆ ಹೊರಡುವ ಮೊದಲು ಆಗುವುದಿಲ್ಲ. ಇದನ್ನು ಬದಲಿಸಲು ಕೋರುತ್ತೇನೆ. ಮುಗಿಯಿತು.

ವಿದ್ಯಾನಗರ ಮೇಡಂ:

ಪ್ರಯಾಣಿಕರಿಗೂ ಒಂದು ಮಾತು. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹ ಏರ್‌ಲೈನ್ಸ್‌ನ 737 ವಿಮಾನದ ಮುಂಭಾಗದ ಚಾವಣಿಯೇ ಆಕಾಶದಲ್ಲಿ ಕಿತ್ತುಹೋಯಿತು, ಗಗನಸಖಿಯೊಬ್ಬರು ಸತ್ತರು. ಹತ್ತುವಾಗಲೇ ಬಾಗಿಲ ಬಳಿ ಬಿರುಕನ್ನು ಕಂಡ ಪ್ರಯಾಣಿಕರೊಬ್ಬರು ಇದ್ದರು, ಯಾರಿಗೂ ಹೇಳಿರಲಿಲ್ಲ. ಏನಾದರೂ ಕಂಡರೆ ಸಂಕೋಚಪಡಬೇಡಿ.

ಪಿ.ಬಿ. ರಸ್ತೆ ಪ್ರಯಾಣಿಕ:

ಮೇಡಂ, ಒಮ್ಮೆ ರೆಕ್ಕೆಯ ಮೇಲೆ ಬೆಳ್ಳಿ ಬಣ್ಣದ ಟೇಪ್ ಅಂಟಿಸಿದ್ದು ಕಂಡು ಕೂಗಾಡಿದ್ದೆ. ಸಿಬ್ಬಂದಿ ನಕ್ಕರು.

ಕೋಟೆ ಬಾಗಿಲು:

ನಗಬಾರದಿತ್ತು, ವಿವರಿಸಬೇಕಿತ್ತು. ಅದು ಅಲ್ಯೂಮಿನಿಯಂ ಟೇಪ್, ನಿಗದಿಯಾದ ಜಾಗಗಳಲ್ಲಿ ತಾತ್ಕಾಲಿಕವಾಗಿ ಅಂಟಿಸಲು ಒಪ್ಪಿಗೆ ಇದೆ. ಮುಂದಿನ ಸಲವೂ ಕೇಳಿ.

ಮಂಡಿಪೇಟೆ ಅಂಗಡಿ (ಎಂಟನೆಯ ದಿನ):

ಪತ್ರ ಕೊಟ್ಟಾಯಿತು. ಯಾರ ಹೆಸರೂ ಹಾಕಲಿಲ್ಲ. ಕೊಡುವ ಮೊದಲು ಮಗ ಅದನ್ನು ಆ ಜಾಕೆಟ್ ಹುಡುಗನಿಗೆ ತೋರಿಸಿದನಂತೆ. ಅವನು ಓದಿ, ಪೆನ್ನು ಕೇಳಿ, ಕೆಳಗೆ "ಟಾರ್ಚ್ ನನ್ನ ಬಳಿ ಇತ್ತು, ಒಯ್ದದ್ದು ನನಗೆ ತಿಳಿದಿರಲಿಲ್ಲ" ಎಂದು ಬರೆದು ತಾನೂ ಸಹಿ ಮಾಡಿದನಂತೆ. ಅಧಿಕಾರಿ ಎರಡು ಸಲ ಓದಿ, ಏನೂ ಹೇಳದೆ ಮೇಜಿನ ಖಾನೆಯಲ್ಲಿ ಇಟ್ಟುಕೊಂಡರಂತೆ. ಉತ್ತರ ಬಂದರೆ ಇಲ್ಲಿ ಬರೆಯುತ್ತೇನೆ. ಮನೆಯವರಿಗೆ ಇನ್ನೂ ಅಳುಕು ಇದೆ, ನನಗೂ ಇಲ್ಲ ಎಂದರೆ ಸುಳ್ಳಾಗುತ್ತದೆ.

ಡಿಪೋ ನಿವೃತ್ತ:

ಕೆಲಸ ಹೋದರೆ ಹೇಳಿ. ಗೊತ್ತಿರುವ ಒಂದೆರಡು ಕಡೆ ಮಾತನಾಡುತ್ತೇನೆ.

ಹರಿಹರ ಫಿಟರ್:

ಹುಡುಗ ಊರಿಗೆ ಯಾವಾಗ ಬರುತ್ತಾನೆ? 214 ಎಂದು ಕೊರೆದ ನನ್ನ ಹಿತ್ತಾಳೆ ಬಿಲ್ಲೆಗಳಲ್ಲಿ ಎರಡು ಇನ್ನೂ ಮನೆಯಲ್ಲಿವೆ. ಒಂದನ್ನು ಅವನಿಗೆ ಕೊಡುತ್ತೇನೆ. ಇನ್ನೊಂದು ಆ ಜಾಕೆಟ್ ಹುಡುಗನಿಗೆ.